ಗೋಡೆಯಾಚೆಯ ಸಿನಿಮಾ

ನಮ್ಮ ದೊಡ್ಡಪ್ಪನ ಗಡಿಯಾರ ರಿಪೇರಿ ಅಂಗಡಿಗೂ ಪಕ್ಕದ ಟಾಕೀಸಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಹರೆಯದಲ್ಲಿ ಅಲ್ಲಿ ಮೈತುಂಬ ಹಾಡುಗಳಿದ್ದ ಒಂದು ಸಿನಿಮಾ ತಿಂಗಳುಗಟ್ಟಲೆ ಓಡಿತು. ಊರಿಗೆ ಊರೇ ನೋಡಿತು. ದೊಡ್ಡಪ್ಪ ಮಾತ್ರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಗಡಿಯಲ್ಲೇ ಕೂತರು. ಗೋಡೆ ದಾಟಿ ಬಂದ ಹಾಡು, ಮಾತು, ಪ್ರೇಕ್ಷಕರ ಕೆಮ್ಮು ಎಲ್ಲವೂ ಅವರಿಗೆ ಬಾಯಿಪಾಠವಾಯಿತು. ನೋಡಿಲ್ಲ ಎನ್ನಲು ನಾಚಿಕೆ. ನೋಡಿದ್ದೇನೆ ಎಂದೇ ಹೇಳುತ್ತ ಬಂದರು. ಕೈಗಡಿಯಾರಕ್ಕೆ ಪಟ್ಟಿ ಹಾಕಿಸಲು ಬಂದ ದೊಡ್ಡಮ್ಮನಿಗೂ ಹಾಗೇ ಹೇಳಿ, ದೋಣಿ ಹಾಡನ್ನು ವರ್ಣಿಸಿದರು. ಮದುವೆಯೂ ಆಯಿತು.

ಮಗಳು ಊಟಕ್ಕೆ ಹಟ ಮಾಡಿದಾಗಲೆಲ್ಲ ಅದೇ ಹಾಡು: ಹುಣ್ಣಿಮೆ, ಹೊಳೆ, ನಾಯಕ ದೋಣಿಗೆ ಹುಟ್ಟು ಹಾಕುತ್ತಾನೆ, ನಾಯಕಿ ಹಾಡುತ್ತಾಳೆ. ಆ ಸಿನಿಮಾವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದ ದೊಡ್ಡಮ್ಮ ಆಗ ಏನೋ ಕೆಲಸ ನೆನಪಾದಂತೆ ಒಳಗೆ ಹೋಗುತ್ತಿದ್ದರು.

ಕಳೆದ ವರ್ಷ ಅದೇ ಹಳೆಯ ಸಿನಿಮಾ ಹೊಸ ಪ್ರಿಂಟಿನಲ್ಲಿ ಮತ್ತೆ ಬಂತು. ಆ ಮಗಳು, ನಮ್ಮ ಅಕ್ಕ, ಎಲ್ಲರಿಗೂ ಟಿಕೆಟ್ ತಂದಳು. ದೋಣಿ ಹಾಡು ಶುರುವಾಯಿತು. ಪರದೆಯ ಮೇಲೆ ನಾಯಕಿ ಬಕೆಟ್ಟಿನಿಂದ ನೀರು ಸುರಿದು ಮೆಟ್ಟಿಲು ತೊಳೆಯುತ್ತಿದ್ದಳು; ನಾಯಕ ಮೇಲಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತಿದ್ದ. ಗೋಡೆಯಾಚೆಯಿಂದ ಕೇಳಿ ದೊಡ್ಡಪ್ಪ ದೋಣಿಯ ಹುಟ್ಟಿನ ಸದ್ದು ಎಂದುಕೊಂಡದ್ದು ಆ ನೀರಿನ ಸದ್ದನ್ನೇ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ದೋಣಿ ಬರಲಿಲ್ಲ.

ಆಟ ಮುಗಿದದ್ದೇ ಅಕ್ಕ ನೇರ ಟಾಕೀಸಿನ ಮ್ಯಾನೇಜರ್ ಬಳಿ ಹೋದಳು.

"ದೋಣಿ ಸೀನ್ ಯಾಕ್ರೀ ಕತ್ತರಿಸಿದ್ದೀರಾ? ನಮ್ಮಪ್ಪ ಹಳೇದನ್ನ ಎಷ್ಟೋ ಸಲ ನೋಡಿದ್ದಾರೆ, ಕೇಳಿ ಬೇಕಾದ್ರೆ."

"ಹೌದಾ ಸರ್?" ಎಂದ ಮ್ಯಾನೇಜರ್.

ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಬಾಯಿ ಹಾಕಿದರು. "ಇತ್ತು ಕಣಪ್ಪಾ. ಹುಣ್ಣಿಮೆ ಬೇರೆ."

ಪಾಪ, ಅವನು ಕ್ಷಮೆ ಕೇಳಿದ.

ಅಕ್ಕ ಸಿಡಿಮಿಡಿಗೊಂಡು ಮುಂದೆ ಹೋಗುತ್ತಿದ್ದಳು. ಹಿಂದೆ ದೊಡ್ಡಪ್ಪ ಮೆಲ್ಲಗೆ ಕೇಳಿದರು: "ನಿಂಗೆ ಯಾವಾಗಿಂದ ಗೊತ್ತು?"

"ಪಟ್ಟಿ ಹಾಕಿಸೋಕೆ ಬಂದಾಗಿಂದ."

"ಮತ್ತೆ ಯಾಕೆ ಸುಮ್ನಿದ್ದೆ?"

"ಆ ಹೀರೋಯಿನ್ ಮೆಟ್ಟಿಲು ತಿಕ್ಕೋದನ್ನ ನೋಡಿ ನೋಡಿ ಸಾಕಾಗಿತ್ತು. ನಿಮ್ಮ ದೋಣೀಲಿ ಕೂತ್ಕೊಂಡಾದ್ರೂ ಹಾಡ್ತಿದ್ಲು."

ಮರುದಿನ ದೊಡ್ಡಪ್ಪ ಹಗಲಲ್ಲೇ ಅಂಗಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಮ್ಯಾಟಿನಿಗೆ ಹೋಗಿ, ಆ ಹಾಡಿನುದ್ದಕ್ಕೂ ಕಣ್ಣು ಮುಚ್ಚಿ ಕೂತು ಬಂದರು. ಜೇಬಿನಿಂದ ಇಣುಕುತ್ತಿದ್ದ ಟಿಕೆಟ್ ನೋಡಿ ಹೇಗಿತ್ತೆಂದು ದೊಡ್ಡಮ್ಮ ಕೇಳಿದ್ದಕ್ಕೆ, ಚಪ್ಪಲಿ ಬಿಡುತ್ತ ಹೇಳಿದರು: "ನಿನ್ನೆಗಿಂತ ಪರವಾಗಿಲ್ಲ. ಸ್ವಲ್ಪ ಸುಧಾರಿಸಿದ್ದಾರೆ."