ಐದು ನಲವತ್ತಕ್ಕೆ ಬಂದ ಅರ್ಜಿ

ಮಳೆಗಾಲದಲ್ಲಿ ಒದ್ದೆ ಚರ್ಮದ ವಾಸನೆ ಎಲ್ಲಿ ಬಂದರೂ ನನಗೆ ಘಾಟ್ಕೋಪರಿನ ನಮ್ಮ ಎರಡು ಕೋಣೆಯ ಮನೆ ನೆನಪಾಗುತ್ತದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ನಮ್ಮ ಬಿಲ್ಡಿಂಗ್ ಈಗಿಲ್ಲ. ಅದರಲ್ಲಿದ್ದವರೂ ಹೆಚ್ಚುಕಡಿಮೆ ಇಲ್ಲ. ಐವತ್ತರ ದಶಕದಲ್ಲಿ ಅಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಮ್ಮ ಸೀನು ಚಿಕ್ಕಪ್ಪ ಇದ್ದೆವು. ವಾಸನೆ ಚಿಕ್ಕಪ್ಪನ ರಗ್ಬಿ ಚೆಂಡಿನದು. ಬೊಂಬಾಯಿಯಲ್ಲಿ ಆ ಆಟ ಮಳೆಗಾಲದ್ದು. ನೆಲ ಮೆತ್ತಗಿದ್ದರೆ ಬಿದ್ದವರ ಮೂಳೆ ಉಳಿಯುತ್ತದೆ ಎನ್ನುತ್ತಿದ್ದರು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಚೆಂಡು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ಒಣಗದೆ, ಮಂಚದ ಕೆಳಗೆ ಬಿದ್ದಿರುತ್ತಿತ್ತು. ಮಡಿ ಮೈಲಿಗೆಯ ಅಮ್ಮ ಅದನ್ನು ಪೊರಕೆಯ ಹಿಡಿಯಿಂದ ಆಚೆ ನೂಕಿ, "ಇದೇನು ಚೆಂಡೋ ಹಲಸಿನಕಾಯೋ? ದುಂಡಗಿರೋದು ಸಿಗ್ಲಿಲ್ವೇನೋ ನಿಂಗೆ?" ಎಂದು ಮೈದುನನನ್ನು ರೇಗಿಸುತ್ತಿದ್ದಳು. ಅವನು ಬೈಕುಲ್ಲಾದ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಅಲ್ಲಿನ ಪಾರ್ಸಿ ಫೋರ್‌ಮನ್ ಒಬ್ಬರು ಈ ಆಟದ ಹುಚ್ಚು ಹಿಡಿಸಿದ್ದರು.

ಅಪ್ಪನಿಗೂ ರಗ್ಬಿಗೂ ಸಂಬಂಧವಿತ್ತು, ಆದರೆ ಅವರು ಒಂದು ಪಂದ್ಯವನ್ನೂ ಪೂರ್ತಿ ನೋಡಿದವರಲ್ಲ. ಮೈಸೂರಿನಿಂದ ಬಂದು ಫೋರ್ಟಿನ ಕಂಪನಿಯೊಂದರಲ್ಲಿ ಸ್ಟೆನೊ ಆಗಿದ್ದರು. ಅಲ್ಲಿನ ಇಂಗ್ಲಿಷ್ ಸಾಹೇಬರೇ ರಗ್ಬಿ ಸಂಘದ ಗೌರವ ಕಾರ್ಯದರ್ಶಿಯೂ ಆಗಿದ್ದರಿಂದ, ಶನಿವಾರ ಮಧ್ಯಾಹ್ನ ಸಂಘದ ಕೆಲಸವೂ ಅಪ್ಪನ ತಲೆಗೆ ಬಿದ್ದಿತ್ತು. ಸಭೆಯ ನಡಾವಳಿ, ಪಂದ್ಯಗಳ ಪಟ್ಟಿ, ನಿಯಮಗಳ ತಿದ್ದುಪಡಿ ಎಲ್ಲ ಅವರೇ ಟೈಪ್ ಮಾಡುತ್ತಿದ್ದರು. ಯಾವ ಕ್ಲಬ್ಬಿಗೆ ವೋಟಿದೆ, ಯಾವ ವಾರ ಮೈದಾನ ಯಾರಿಗೆ, ತಂಡ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಅವರಿಗೆ ಸಂಧ್ಯಾವಂದನೆಯಷ್ಟೇ ಬಾಯಿಪಾಠ. ಆ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಬಾರದೆಂಬುದು ಮಾತ್ರ ಗೊತ್ತಿರಲಿಲ್ಲ.

ಕ್ಲಬ್ಬುಗಳು ಹೆಚ್ಚಾಗಿ ಸಾಹೇಬರವು. ಒಂದು ವರ್ಷ ಚಿಕ್ಕಪ್ಪನ ಗೆಳೆಯರು ತಮ್ಮದೇ ತಂಡ ಕಟ್ಟಿದರು. ಗೋವಾದವರು, ಮರಾಠಿಗಳು, ಇಬ್ಬರು ಪಾರ್ಸಿಗಳು, ಜೊತೆಗೆ ಇವನು. ಕಪ್ ಪಂದ್ಯಾವಳಿಗೆ ಸೇರಿದರೆ ಸಂಘದ ಸದಸ್ಯತ್ವ, ಸಭೆಯಲ್ಲಿ ಒಂದು ವೋಟು, ವಾರಕ್ಕೊಂದು ದಿನ ಮೈದಾನ. ಸೇರದಿದ್ದರೆ ಆಡಲು ಜಾಗವೇ ಇಲ್ಲ. ಹದಿನೈದು ಜನರ ಸಹಿಯಿದ್ದ ಅರ್ಜಿ ಶನಿವಾರ ಸಂಜೆ ಐದರೊಳಗೆ ಅಪ್ಪನ ಮೇಜಿಗೆ ಬರಬೇಕಿತ್ತು. ಹದಿನೈದನೆಯವನು ಜ್ವರ ಬಂದು ಅಂಧೇರಿಯಲ್ಲಿ ಮಲಗಿದ್ದ. ಚಿಕ್ಕಪ್ಪ ಅಲ್ಲಿಗೇ ಹೋಗಿ ಸಹಿ ಹಾಕಿಸಿಕೊಂಡು ಹೊರಟ. ಹಳಿಯ ಮೇಲೆ ನೀರು ಬಂದು ಲೋಕಲ್ ದಾದರಿನಲ್ಲಿ ನಿಂತಿತು. ಟ್ರಾಮೂ ಇರಲಿಲ್ಲ. ಅರ್ಜಿಯನ್ನು ಮೇಣಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಫೋರ್ಟಿನವರೆಗೂ ನಡೆದ. ಮುಂದಿನದನ್ನು ಅವನು ಮರುದಿನ ಬೆಳಗ್ಗೆ ಅಮ್ಮನಿಗೆ ಹೇಳುತ್ತಿದ್ದಾಗ ನಾನು ಕೇಳಿಸಿಕೊಂಡೆ. "ಅಣ್ಣ ವಾಚು ನೋಡ್ದ ಅತ್ತಿಗೆ. ಟವೆಲ್ ಕೊಟ್ಟ, ಚಾಯ್ ತರಿಸ್ದ. ಆಮೇಲೆ ಅರ್ಜಿ ಮೇಲೆ, ತಲುಪಿದ್ದು ಐದು ನಲವತ್ತು ಅಂತ ಬರೆದ. ನಾನು ಕುಡೀತಾ ಇದ್ದೆ, ಅವನು ಬರೀತಾ ಇದ್ದ."

"ನಲವತ್ತು ನಿಮಿಷಕ್ಕೆ ಆಕಾಶ ಕಳಚಿ ಬೀಳ್ತಿತ್ತಾ?" ಎಂದು ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಪೇಪರಿನಿಂದ ತಲೆಯೆತ್ತದೆ, "ಬಂದ ಹೊತ್ತು ಬರೆಯೋದು ನನ್ನ ಕೆಲಸ. ತಗೊಳ್ಳೋದು ಬಿಡೋದು ಕಮಿಟಿ ಕೆಲಸ" ಎಂದರು. ಕಮಿಟಿ ತೆಗೆದುಕೊಳ್ಳಲಿಲ್ಲ. ಆ ನಿರ್ಣಯವನ್ನೂ ಅಪ್ಪನೇ ಟೈಪ್ ಮಾಡಿದರು. ಸಭೆ ಮುಗಿದ ಮೇಲೆ ಕಾರ್ಯದರ್ಶಿ ತಮಗೆ ಹೇಳಿದ್ದನ್ನು ಅವರು ಊಟಕ್ಕೆ ಕೂತಾಗ ಅಮ್ಮನಿಗೆ ತಿಳಿಸಿದರು. ಹಿಂದಿನ ಗುಮಾಸ್ತ ಎಲ್ಲ ಅರ್ಜಿಗಳ ಮೇಲೂ ಐದರೊಳಗೆ ಬಂತೆಂದೇ ಬರೆಯುತ್ತಿದ್ದನಂತೆ, ಸೋಮವಾರ ಬಂದದ್ದರ ಮೇಲೂ. ಇವರೂ ಹಾಗೆ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲವಂತೆ. "ಊರಿಗೆಲ್ಲ ಒಂದು ದಾರಿ, ನಿಮಗೇ ಒಂದು ದಾರಿ" ಎಂದಳು ಅಮ್ಮ. ಅಪ್ಪ ಮಜ್ಜಿಗೆ ಅನ್ನ ಕಲಸಿದವರು ಉಣ್ಣದೆ ಎದ್ದರು. ಅವರು ತಪ್ಪು ಮಾಡಿದರೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ; ಆದರೂ ಮಳೆಯಲ್ಲಿ ನಡೆದುಬಂದ ಚಿಕ್ಕಪ್ಪನನ್ನು ನೆನೆದರೆ ಸಂಕಟವಾಗುತ್ತದೆ. ಮೈದಾನವಿಲ್ಲದ ತಂಡ ಆ ಮಳೆಗಾಲದಲ್ಲೇ ಚದುರಿತು. ಚಿಕ್ಕಪ್ಪ ಮನೆ ಬಿಟ್ಟು ಬೈಕುಲ್ಲಾದಲ್ಲಿದ್ದ ಗೆಳೆಯರ ಬಾಡಿಗೆ ಖೋಲಿಗೆ ಹೋದ. ಹಬ್ಬಕ್ಕೆ ಬರುತ್ತಿದ್ದ, ಅಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದ. ಅಣ್ಣನೊಡನೆ ಮಳೆ, ರೇಷನ್ನು, ಇಷ್ಟೇ ಮಾತು.

ಮರುವರ್ಷ ಅರ್ಜಿಯ ಕೊನೆಯ ದಿನ ಅಪ್ಪ ಯಾಕೋ ನನ್ನನ್ನೂ ಸಂಘದ ಆಫೀಸಿಗೆ ಕರೆದುಕೊಂಡು ಹೋದರು. ಅಂದು ಮಳೆಯಿರಲಿಲ್ಲ, ಲೋಕಲ್‌ಗಳು ಸರಿಯಾಗಿ ಓಡುತ್ತಿದ್ದವು. ಸಾಹೇಬರು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಮರಳುತ್ತಿದ್ದ ಕಾಲ. ಮೇಜಿನ ಮೇಲೆ ನಾಲ್ಕೇ ಕ್ಲಬ್ಬುಗಳ ಅರ್ಜಿಯಿತ್ತು. ಐದಕ್ಕೆ ಐದು ನಿಮಿಷವಿದ್ದಾಗ ಅಪ್ಪ ಕುರ್ಚಿ ಹತ್ತಿ, ಗೋಡೆಗಡಿಯಾರದ ಗಾಜಿನ ಬಾಗಿಲು ತೆರೆದು, ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರು. ಇಳಿದು ಅದೇ ಕುರ್ಚಿಯಲ್ಲಿ ಕೂತರು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು. ದೀಪ ಹಚ್ಚುವ ಹೊತ್ತಾಯಿತು. ಪ್ಯೂನ್ ಬೀಗ ಹಿಡಿದುಕೊಂಡು ಬಂದು, ಮುಚ್ಚಲೇ ಎಂದು ಕೇಳಿದ. ಅಪ್ಪ ಗೋಡೆಯತ್ತ ಕೈ ತೋರಿಸಿ, ತಮ್ಮ ಹರಕು ಹಿಂದಿಯಲ್ಲಿ, ಇನ್ನೂ ಐದಾಗಿಲ್ಲ ಎಂದರು.