ಕಿಟಕಿ ಪಕ್ಕದ ಕೊಕ್ಕೆ

ಕಾರ್ಖಾನೆಯ ತರಬೇತಿ ಕೋಣೆಯಲ್ಲಿ ಬೆಲ್ಟ್ ನೇತುಹಾಕಲು ಎರಡು ಕೊಕ್ಕೆಗಳಿದ್ದವು. ಬಾಗಿಲ ಪಕ್ಕದ್ದರಲ್ಲಿ ಒಳ್ಳೆಯವು, ಕಿಟಕಿ ಪಕ್ಕದ್ದರಲ್ಲಿ ಕೆಟ್ಟವು. ಇದನ್ನು ಯಾರೂ ಎಲ್ಲೂ ಬರೆದು ಅಂಟಿಸಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೆ.

ಎತ್ತರದಲ್ಲಿ ಕೆಲಸ ಮಾಡುವವರು ಹೆಗಲು, ಎದೆ, ತೊಡೆಗಳನ್ನು ಬಳಸಿ ಕಟ್ಟಿಕೊಳ್ಳುವ ಬೆಲ್ಟ್ ಅದು. ಕಾಲು ಜಾರಿದರೆ ಬೆನ್ನ ಹಿಂದಿನ ಬಳೆಗೆ ಸಿಕ್ಕಿಸಿದ ಹಗ್ಗ ಮನುಷ್ಯನನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಬೇಕು. ಅದನ್ನು ತೊಡುವುದು ಹೇಗೆ, ತೊಡುವ ಮೊದಲು ನೋಡುವುದು ಹೇಗೆ ಎಂದು ಕಲಿಸುತ್ತಿದ್ದವರನ್ನು ಎಲ್ಲರೂ ಬೆಲ್ಟ್ ಮೇಷ್ಟ್ರು ಎನ್ನುತ್ತಿದ್ದರು. ಹೊಸದಾಗಿ ಬಂದವರು ಆ ಹೆಸರು ಕೇಳಿಯೇ ಅರ್ಧ ಜೀವವಾಗುತ್ತಿದ್ದರು. ಒಳಗೆ ಹೋದರೆ ಸಣಕಲು ಮೈಯ, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟ ಮನುಷ್ಯ. "ಹೆದರಬೇಡ್ರಪ್ಪ, ಇದು ಹೊಡೆಯೋ ಬೆಲ್ಟಲ್ಲ, ಹಿಡಿಯೋ ಬೆಲ್ಟು" ಎಂದು ಶುರುಮಾಡುವುದು ಅವರ ವಾಡಿಕೆ. ವರ್ಷಗಟ್ಟಲೆ ಅದೇ ಮಾತು. ಪ್ರತಿ ತಂಡವೂ ನಕ್ಕಿತ್ತು.

ಮೊದಲು ಅವರೂ ಎಲ್ಲರಂತೆ ಕೆಟ್ಟ ಬೆಲ್ಟ್‌ಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ಆಮೇಲೊಮ್ಮೆ ಕಂಪನಿ ಅವರನ್ನೂ ಇನ್ನು ಕೆಲವರನ್ನೂ ಗುಣಮಟ್ಟ ನಿರ್ವಹಣೆಯ ತರಬೇತಿಗೆ ಕಳಿಸಿತು. ಉಳಿದವರು ಅಲ್ಲಿಂದ ಒಂದೊಂದು ಚೀಲ, ಒಂದೊಂದು ಪೆನ್ನು ತಂದರು. ಮೇಷ್ಟ್ರು ಚೀಲವನ್ನು ಹೆಂಡತಿಗೆ ತರಕಾರಿಗೆ ಕೊಟ್ಟು, ಕೇಳಿದ್ದನ್ನು ತಲೆಯಲ್ಲಿಟ್ಟುಕೊಂಡರು. ಕೆಲಸ ಕೆಟ್ಟರೆ ಯಾಕೆ ಅಂತ ಕೇಳಬೇಕು. ಸಿಕ್ಕ ಉತ್ತರಕ್ಕೆ ಮತ್ತೆ ಯಾಕೆ ಅನ್ನಬೇಕು. ಹೀಗೆ ಐದು ಸಲ. ಉತ್ತರದ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಇನ್ನೂ ತಳ ಮುಟ್ಟಿಲ್ಲ ಅಂತ ಅರ್ಥ. ಆಳನ್ನು ಹುಡುಕಬೇಡಿ, ಅವನು ನಡೆದು ಬಂದ ದಾರಿಯನ್ನು ಹುಡುಕಿ ಎಂದಿದ್ದರು ಅಲ್ಲಿ.

ಅವರು ಅದನ್ನು ಮೊದಲು ಪ್ರಯೋಗಿಸಿದ್ದು ತಮ್ಮ ಪಾಠದ ಮೇಲೆಯೇ. ಕೋಣೆಯಲ್ಲಿ ಎಲ್ಲ ಪರೀಕ್ಷೆ ಪಾಸಾಗುವ ಹುಡುಗರು ಹೊರಗೆ ಹೋದ ಮೇಲೆ ಸವೆದ ಬೆಲ್ಟ್ ತೊಟ್ಟು ಮೇಲೆ ಹತ್ತುತ್ತಿದ್ದರು. ಯಾಕೆ? ತಪ್ಪು ಕಾಣುವುದಿಲ್ಲ. ಯಾಕೆ ಕಾಣುವುದಿಲ್ಲ? ಹೊಲಿಗೆ ನೋಡಿ ಅಭ್ಯಾಸವಿಲ್ಲ. ಯಾಕಿಲ್ಲ? ಕೋಣೆಯಲ್ಲಿ ಅವರು ನೋಡಿದ್ದು ಬಣ್ಣವನ್ನು. "ಕೆಂಪು ಬಳಿದ್ರೆ ಕಣ್ಣು ಕೆಂಪನ್ನೇ ಹುಡುಕುತ್ತೆ. ಹೊಲಿಗೆ ಯಾಕೆ ನೋಡುತ್ತೆ?" ಎಂದು ಮೇಷ್ಟ್ರು ಬಣ್ಣದ ಡಬ್ಬಿಯನ್ನು ಮುಚ್ಚಿಟ್ಟರು. ಅಂದಿನಿಂದ ಕೆಟ್ಟ ಬೆಲ್ಟ್‌ಗಳಿಗೆ ಯಾವ ಗುರುತೂ ಇರಲಿಲ್ಲ. ಪಾಠದ ದಿನ ಎಲ್ಲವನ್ನೂ ಮೇಜಿನ ಮೇಲೆ ಒಟ್ಟಿಗೆ ಹರಡಿ, ಬೇರೆ ಮಾಡಿ ಅನ್ನುತ್ತಿದ್ದರು. ಸಂಜೆ ಮತ್ತೆ ಕೆಟ್ಟವು ಕಿಟಕಿಗೆ, ಒಳ್ಳೆಯವು ಬಾಗಿಲಿಗೆ. ಹುಡುಗರ ಕಣ್ಣು ನಿಜಕ್ಕೂ ಚುರುಕಾಯಿತು. ಬೇರೆ ಕಾರ್ಖಾನೆಯವರು ಬಂದು ನೋಡಿಕೊಂಡು ಹೋದರು.

ಕಿಟಕಿ ಪಕ್ಕದವುಗಳಲ್ಲಿ ಒಂದು ಬೆಲ್ಟ್ ನೋಡಲು ಹೊಚ್ಚಹೊಸತು. ಬೆನ್ನಿನ ಮೇಲೆ ಪಟ್ಟಿಗಳು ಅಡ್ಡಹಾಯುವ ಕಡೆ ಪ್ಲಾಸ್ಟಿಕ್ ಬಿಲ್ಲೆಯೊಂದಿತ್ತು. ಅದರಡಿಯಲ್ಲಿ ಎಂದೋ ವೆಲ್ಡಿಂಗ್ ಕಿಡಿ ಬಿದ್ದು, ಪಟ್ಟಿಯ ನೂಲು ಕರಗಿ, ಹುರುಳಿ ಕಾಳಿನಷ್ಟು ಗಟ್ಟಿಯಾಗಿತ್ತು. ಬಿಲ್ಲೆ ಸರಿಸಿ, ಪಟ್ಟಿ ಬಗ್ಗಿಸಿ, ಬೆರಳಾಡಿಸಿದರೆ ಮಾತ್ರ ಸಿಗುವಂಥದ್ದು. ಅದನ್ನು ನೇತುಹಾಕಲು ಮೇಷ್ಟ್ರು ಕಪ್ಪು ಶೂ ಲೇಸೊಂದನ್ನು ಕಟ್ಟಿದ್ದರು. ಅದು ಕೊನೆಯ ಪರೀಕ್ಷೆಯ ಬೆಲ್ಟ್. ತಂಡಕ್ಕೊಬ್ಬರು ಅದರ ತಪ್ಪು ಹಿಡಿದರೆ ಹೆಚ್ಚು.

ಅವರ ಅಳಿಯನೂ ಅದನ್ನು ಹಿಡಿದಿರಲಿಲ್ಲ.

ಅಳಿಯ ಆಗ ಅಳಿಯನಾಗಿರಲಿಲ್ಲ, ಚಾವಣಿ ಕೆಲಸ ಕಲಿಯಲು ಬಂದ ಹುಡುಗ. ಬೆಲ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬಾಗಿಲಿಗೆ ಸಾರ್, ಎ ಒನ್" ಎಂದು ಹೆಬ್ಬೆರಳೆತ್ತಿದ್ದನಂತೆ. ಮುಂದೆ ಮೇಷ್ಟ್ರ ಮಗಳನ್ನು ಮದುವೆಯಾದ ಮೇಲೆ ಆ ಹೆಬ್ಬೆರಳು ಮನೆಯ ನಗೆಚಾಟಿಕೆಯಾಯಿತು. ಅವನು ಅಂಗಡಿಯಿಂದ ಹುಳುಕು ಬದನೆಕಾಯಿ ತಂದರೆ ಮಗಳು, "ಅಪ್ಪಾ, ನಿಮ್ಮ ಎ ಒನ್ ಮತ್ತೆ ಫೇಲ್" ಎನ್ನುವಳು. ಅವನು ಬಿಡುತ್ತಿರಲಿಲ್ಲ. "ನಿನ್ನನ್ನ ನೋಡೋಕೆ ಬಂದಾಗ್ಲೂ ನಾನು ಬಿಲ್ಲೆ ಸರಿಸಿ ನೋಡ್ಲಿಲ್ಲ ಕಣೆ. ಮಾವ ಎ ಒನ್ ಅಂದ್ರು, ನಂಬ್ದೆ." ಮೇಷ್ಟ್ರು ಅನ್ನದ ತಟ್ಟೆಯಿಂದ ತಲೆಯೆತ್ತದೆ ನಗುತ್ತಿದ್ದರು.

ಒಂದು ವರ್ಷ ಕಾರ್ಖಾನೆ ಗುಣಮಟ್ಟದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿತ್ತು. ತಪಾಸಣೆಯವರು ಬರುವ ಹಿಂದಿನ ದಿನ, ಯಾವ ವಸ್ತುವೂ ತನ್ನ ಜಾಗ ಬಿಟ್ಟು ಇರಕೂಡದು ಎಂದು ಆಜ್ಞೆಯಾಯಿತು. ಮೇಷ್ಟ್ರು ಆ ವಾರ ಇನ್ನೊಂದು ಕೇಂದ್ರಕ್ಕೆ ಪರೀಕ್ಷಕರಾಗಿ ಹೋಗಿದ್ದರು. ಉಗ್ರಾಣಕ್ಕೆ ಆಗಷ್ಟೇ ಬಂದಿದ್ದ ಹೊಸ ಗುಮಾಸ್ತ ತರಬೇತಿ ಕೋಣೆಗೂ ಬಂದ. ಕಿಟಕಿ ಪಕ್ಕ ನೇತಾಡುತ್ತಿದ್ದವುಗಳಲ್ಲಿ ಕಿತ್ತುಹೋದವು, ಹರಿದವು ಕಸಕ್ಕೆ ಹೋದವು. ಒಂದು ಮಾತ್ರ ಚೆನ್ನಾಗಿತ್ತು. ಅದರ ಲೇಸು ಅಸಹ್ಯವಾಗಿ ಕಂಡಿತು. ಅವನು ಅದನ್ನು ಕತ್ತರಿಸಿ, ಬೆಲ್ಟನ್ನು ಉಗ್ರಾಣದ ಕಪಾಟಿನಲ್ಲಿ ಉಳಿದವುಗಳ ಜೊತೆ ಮಡಿಸಿಟ್ಟ. ಅಲ್ಲಿದ್ದ ಎಲ್ಲ ಬೆಲ್ಟ್‌ಗಳಿಗೂ 'ಪರೀಕ್ಷಿಸಲಾಗಿದೆ' ಎಂಬ ಹಸಿರು ಚೀಟಿ ಕಟ್ಟಬೇಕಿತ್ತು. ಸಂಜೆಯೊಳಗೆ ಮುಗಿಸಬೇಕಿತ್ತು. ಕಟ್ಟಿದ.

ಮೇಷ್ಟ್ರು ವಾಪಸು ಬಂದಾಗ ಕೊಕ್ಕೆ ಖಾಲಿ. "ಎಲ್ಲಾ ಎಸೆದ್ವಿ ಸಾರ್, ಕಸ ಅಂತ" ಎಂದ ಕಸ ಗುಡಿಸುವವ. ಮೇಷ್ಟ್ರಿಗೆ ಬೇಸರವಾಯಿತು. ಆದರೆ ಕೆಟ್ಟ ಬೆಲ್ಟ್‌ಗಳಿಗೇನು ಬರ, ಇನ್ನಷ್ಟು ಕೂಡಿಸಿದರಾಯಿತು ಎಂದು ಸುಮ್ಮನಾದರು. ಆ ಒಂದು ಬೆಲ್ಟ್ ಏನಾಯಿತು ಎಂದು ಬೇರೆಯಾಗಿ ಕೇಳಲಿಲ್ಲ. ಪ್ರಮಾಣಪತ್ರ ಬಂತು. ಗೇಟಿನ ಬಳಿ ಗಾಜು ಹಾಕಿಸಿ ತೂಗುಬಿಟ್ಟರು.

ಕೆಲವು ತಿಂಗಳ ಮೇಲೆ, ಗಾಳಿಗೆ ಹಾರಿದ್ದ ಚಾವಣಿ ತಗಡು ಕೂರಿಸಲು ಅಳಿಯ ಗೋದಾಮಿನ ಮೇಲೆ ಹತ್ತಿದ. ಕಾಲು ಜಾರಿತು. ಹಗ್ಗ ಹಿಡಿಯಿತು. ಒಂದು ಕ್ಷಣ ಅವನು ತೂಗಾಡಿದ್ದನ್ನು, ಕೈ ಚಾಚಿದ್ದನ್ನು ಕೆಳಗಿದ್ದವರು ನೋಡಿದರು. ಬದುಕಿದ ಎಂದು ಯಾರೋ ಕೂಗಿದರು. ಆಮೇಲೆ ಬೆನ್ನಿನ ಪಟ್ಟಿ ಹರಿಯಿತು.

ಸತ್ತವರನ್ನು ಹೊಗಳುವುದು ಲೋಕರೂಢಿ. ಸತ್ತ ಎಮ್ಮೆಗೆ ಸೇರು ಹಾಲು ಅನ್ನುತ್ತಾರೆ. ಕಾರ್ಖಾನೆಯಲ್ಲಿ ಮಾತ್ರ ಅದು ತಿರುಗುಮುರುಗು. ವಾರದೊಳಗೆ ಅವನ ಅಜಾಗರೂಕತೆಯ ಕತೆಗಳು ಹುಟ್ಟಿಕೊಂಡವು. ಬೆಲ್ಟ್ ನೋಡದೆ ತೊಟ್ಟನಂತೆ, ಫೋನಿನಲ್ಲಿ ಮಾತಾಡುತ್ತ ಹತ್ತಿದನಂತೆ. ಮಗಳ ಕಿವಿಗೆ ಅದು ನೀರಿನ ನಲ್ಲಿಯ ಬಳಿ ಬಿತ್ತು. "ಪಾಪ, ಮಾವ ಊರಿಗೆಲ್ಲ ಪಾಠ ಹೇಳ್ತಾರೆ, ಅಳಿಯನಿಗೆ ಹೇಳೋರಿಲ್ಲ" ಎಂದಿದ್ದಳು ಒಬ್ಬಳು.

ಮಗಳು ಖಾಲಿ ಕೊಡ ಹಿಡಿದೇ ತವರಿಗೆ ಬಂದಳು.

"ವಿಚಾರಣೆಗೆ ನಿಮ್ಮನ್ನೂ ಕರೀತಾರಂತೆ. ಹೌದಾ?"

"ಹೂಂ."

"ಹೋಗಿ ಹೇಳಿ ಅಪ್ಪ. ಅವರು ಹಾಗಲ್ಲ ಅಂತ ಹೇಳಿ. ಚಪ್ಪಲಿ ಹಾಕ್ಕೊಳ್ಳೋಕೆ ಮುಂಚೆ ಕೊಡವಿ ನೋಡ್ತಿದ್ದ ಮನುಷ್ಯ ಅವರು. ಎಲ್ಲರಿಗೂ ಐದು ಸಲ ಯಾಕೆ ಅಂತ ಕೇಳೋಕೆ ಕಲಿಸ್ತೀರಲ್ಲ, ಇವರಿಗೋಸ್ಕರ ಒಂದ್ಸಲ ಕೇಳಿ."

"ಕೇಳ್ತೀನಿ ಕಂದ" ಎಂದರು ಮೇಷ್ಟ್ರು.

ವಿಚಾರಣೆಯ ಹಿಂದಿನ ದಿನ ಸುರಕ್ಷತಾ ಅಧಿಕಾರಿ ಅವರನ್ನು ತಮ್ಮ ಕೋಣೆಗೆ ಕರೆದರು. ಹರಿದ ಬೆಲ್ಟ್ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿತ್ತು. ಹರಿದ ಅಂಚಿನಲ್ಲಿ ಕರಗಿದ ನೂಲು ಹೊಳೆಯುತ್ತಿತ್ತು. ಮೇಷ್ಟ್ರು ಅದನ್ನು ನೋಡಲಿಲ್ಲ. ಹೆಗಲ ಪಟ್ಟಿಯ ಮೇಲೆ, ಕತ್ತರಿಸಿದ ಮೇಲೂ ಉಳಿದಿದ್ದ ಕಪ್ಪು ಲೇಸಿನ ಗಂಟನ್ನು ನೋಡುತ್ತ ನಿಂತರು. ಗಂಟು ಹಾಕಿದ ಕೈ ಅವರದೇ.

ಅಧಿಕಾರಿ ಒಳ್ಳೆಯವರೇ. "ಕೂತ್ಕೊಳ್ಳಿ ಮೇಷ್ಟ್ರೆ. ತೊಡೋ ಮುಂಚೆ ನೋಡಿಲ್ಲ, ಅಷ್ಟೇ ಬರೆಯೋದು. ಮಗಳಿಗೆ ಬರಬೇಕಾದ್ದು ಹೆಂಗಿದ್ರೂ ಬರುತ್ತೆ. ನೀವು ಜಾಸ್ತಿ ಮಾತಾಡೋಕೆ ಹೋಗಬೇಡಿ" ಎಂದರು. ಮೇಷ್ಟ್ರು ನೀರು ಕೇಳಿದರು. ಕುಡಿಯದೆ ಲೋಟ ಕೆಳಗಿಟ್ಟರು.

ಮನೆಗೆ ಬಂದು, ಅದು ಯಾವ ಬೆಲ್ಟೆಂದು ಹೆಂಡತಿಗೆ ಮಾತ್ರ ಹೇಳಿದರು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡಿರಿ. ಅಳಿಯ ಹೋದ. ಮಗಳನ್ನೂ ಕಳ್ಕೋಬೇಕಾ?"

"ಅವನ ಹೆಸರು ಹೋಗುತ್ತಲ್ಲೇ."

"ಹೋದವನಿಗೆ ಹೆಸರು ಕಟ್ಕೊಂಡು ಏನಾಗ್ಬೇಕು? ಇರೋಳಿಗೆ ಅಪ್ಪ ಬೇಕು."

ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ವಿಚಾರಣೆ ನಡೆದದ್ದು ಸಭಾಕೋಣೆಯಲ್ಲಿ. ಗುಣಮಟ್ಟದ ನಿಯಮದಂತೆ ಬಿಳಿ ಹಲಗೆಯ ಮೇಲೆ ಐದು ಗೆರೆ ಎಳೆದಿದ್ದರು, ಒಂದೊಂದರ ಮುಂದೆ ಒಂದೊಂದು 'ಯಾಕೆ'. ಕಾರ್ಖಾನೆಯ ಮುಖ್ಯಸ್ಥರೇ ಪೆನ್ನು ಹಿಡಿದಿದ್ದರು. ಯಾಕೆ ಬಿದ್ದ? ಪಟ್ಟಿ ಹರಿಯಿತು. ಯಾಕೆ ಹರಿಯಿತು? ಮೊದಲೇ ಸುಟ್ಟಿತ್ತು. ಸುಟ್ಟದ್ದನ್ನು ಯಾಕೆ ತೊಟ್ಟ? ನೋಡಿಕೊಳ್ಳಲಿಲ್ಲ. ಇಷ್ಟು ಬರೆದು ಅವರು ಪೆನ್ನಿನ ಮುಚ್ಚಳ ಹಾಕಿದರು.

"ಇನ್ನೂ ಗೆರೆ ಉಳಿದಿವೆ ಸಾರ್" ಎಂದರು ಮೇಷ್ಟ್ರು.

"ಇದಕ್ಕಿಂತ ಇನ್ನೇನಿದೆ ಮೇಷ್ಟ್ರೆ? ನಿಮ್ಮ ಕಷ್ಟ ನಮಗೂ ಅರ್ಥವಾಗುತ್ತೆ..."

"ಅವನು ನೋಡ್ಲಿಲ್ಲ, ಹೌದು. ಹಸಿರು ಚೀಟಿ ನೋಡಿ ನಂಬ್ದ. ಸುಟ್ಟ ಬೆಲ್ಟು ಹಸಿರು ಚೀಟಿ ಕಟ್ಕೊಂಡು ಕಪಾಟಿಗೆ ಯಾಕೆ ಬಂತು ಅಂತ ಕೇಳಿ."

ಯಾರೂ ಕೇಳಲಿಲ್ಲ. ಅವರೇ ಹೇಳಿದರು. ಕಿಟಕಿ ಪಕ್ಕದ ಕೊಕ್ಕೆ, ಲೇಸಿನ ಗಂಟು, ಮುಚ್ಚಿಟ್ಟ ಬಣ್ಣದ ಡಬ್ಬಿ. "ಅದು ನನ್ನ ಪಾಠದ ಬೆಲ್ಟು. ಗುರುತು ಹಾಕದೆ ಇಟ್ಟೋನು ನಾನು. ಕೊಕ್ಕೆ ಖಾಲಿ ಆದಾಗ ಅದು ಎಲ್ಲಿ ಹೋಯ್ತು ಅಂತ ಕೇಳ್ದೇ ಇದ್ದೋನೂ ನಾನೇ." ಗೋಡೆಗೆ ಒರಗಿ ನಿಂತಿದ್ದ ಉಗ್ರಾಣದ ಗುಮಾಸ್ತ ಅಳಲು ಶುರುಮಾಡಿದ.

ಮುಖ್ಯಸ್ಥರು ಮುಚ್ಚಳ ತೆಗೆದು ನಾಲ್ಕನೆಯ ಗೆರೆಯ ಮೇಲೆ ಬರೆದರು: ತರಬೇತಿ ಬೋಧಕರ ಲೋಪ. ಬರೆದ ಕೈಯಲ್ಲಿ ಏನೋ ಹಗುರವಾದ ಹಾಗಿತ್ತು.

"ಇನ್ನೊಂದಿದೆ ಸಾರ್" ಎಂದರು ಮೇಷ್ಟ್ರು. "ಒಂದೇ ಸಂಜೇಲಿ ಅಷ್ಟೂ ಬೆಲ್ಟ್‌ಗೆ ಚೀಟಿ ಕಟ್ಟು ಅಂತ ಆ ಹುಡುಗನಿಗೆ ಯಾಕೆ ಹೇಳಿದ್ರು? ನೋಡೋದು ಹೇಗೆ ಅಂತ ಅವನಿಗೆ ಯಾರು ಕಲಿಸಿದ್ರು?"

"ಸಾಕು ಮೇಷ್ಟ್ರೆ. ಉತ್ತರ ಸಿಕ್ಕಿತಲ್ಲ."

ಐದನೆಯ ಗೆರೆ ಖಾಲಿ ಉಳಿಯಿತು. ಮರುದಿನ ಬೇರೆ ಸಭೆಗೆ ಹಲಗೆ ಒರೆಸಿದರು.

ಮೇಷ್ಟ್ರು ಸೀದಾ ಮಗಳ ಮನೆಗೆ ಹೋದರು. ಬೇರೆಯವರ ಬಾಯಿಂದ ಅವಳು ಕೇಳಬಾರದಿತ್ತು. ಅವಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಹೇಳಿದ್ರಾ?"

"ಹೇಳ್ದೆ. ಅವನ ತಪ್ಪು ಅಂತ ಬರೆಯಲ್ಲ ಇನ್ನು."

ಅವಳು ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ಕೈ ತೆಗೆದು, "ಮತ್ತೆ ಯಾರ ತಪ್ಪಂತೆ?" ಎಂದಳು. ಮೇಷ್ಟ್ರು ಬೆಲ್ಟ್ ಎಲ್ಲಿಂದ ಬಂತೆಂದು ಹೇಳತೊಡಗಿದರು. ಅರ್ಧ ಹೇಳುವಷ್ಟರಲ್ಲಿ ಅವಳು ತಡೆದಳು.

"ಅದೇನಾ? ಎ ಒನ್ ಬೆಲ್ಟಾ?"

"ಹೂಂ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಮಗು ಮಲಗಿರುವಾಗ ಹಾಕುವ ಹಾಗೆ ಸದ್ದಾಗದಂತೆ. ಆ ಮನೆಯಲ್ಲಿ ಮಗು ಇರಲಿಲ್ಲ.

ನಿವೃತ್ತಿಗೆ ಸ್ವಲ್ಪ ಕಾಲವೇ ಉಳಿದಿದ್ದರಿಂದ ಮೇಷ್ಟ್ರಿಗೆ ಮನೆಯಲ್ಲಿರಲು ಹೇಳಿದರು. ತರಬೇತಿ ಕೋಣೆಯಲ್ಲಿ ಈಗ ದೊಡ್ಡ ಪರದೆಯ ಮೇಲೆ ಬೆಲ್ಟಿನ ಚಿತ್ರ ತೋರಿಸುತ್ತಾರೆ. ತಪ್ಪಿರುವ ಜಾಗಕ್ಕೆ ಕೆಂಪು ವೃತ್ತ ಹಾಕಿರುತ್ತಾರೆ. ಗುಮಾಸ್ತನನ್ನು ಬೇರೆಡೆಗೆ ಹಾಕಿದರು. ಅವನ ಜಾಗಕ್ಕೆ, ಗಂಡ ಸತ್ತದ್ದಕ್ಕೆ ಅನುಕಂಪದ ನೌಕರಿಯಾಗಿ, ಮಗಳನ್ನು ತೆಗೆದುಕೊಂಡರು. ಅವಳ ಕೆಲಸ ಉಗ್ರಾಣದ ಕಿಂಡಿಯಲ್ಲಿ ಕೂತು ಬೆಲ್ಟ್ ಕೊಡುವುದು, ಸಂಜೆ ವಾಪಸು ಪಡೆಯುವುದು.

ತಾಯಿಗೆ ಅವಳು ಫೋನು ಮಾಡುತ್ತಿದ್ದಳು. ಮೇಷ್ಟ್ರು ಗೋಡೆಯ ಈಚೆಯಿಂದ ಹೆಂಡತಿಯ "ಹೂಂ", "ಊಟ ಆಯ್ತಾ"ಗಳನ್ನು ಕೇಳಿಸಿಕೊಂಡು ಉಳಿದರ್ಧ ಊಹಿಸುತ್ತಿದ್ದರು. ತಮ್ಮ ಹೆಸರು ಬಂತೇ ಎಂದು ಎಂದೂ ಕೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವಳು ಬಂದಳು. ಕೈಯಲ್ಲಿ ತರಕಾರಿಯ ಹಳೆಯ ಚೀಲ, ಆ ಗುಣಮಟ್ಟದ ತರಬೇತಿಯಿಂದ ಅಪ್ಪ ತಂದದ್ದೇ. ಅದರೊಳಗಿಂದ ಒಂದು ಬೆಲ್ಟ್ ತೆಗೆದು ಊಟದ ಮೇಜಿನ ಮೇಲೆ ಹರಡಿದಳು.

"ಕಪಾಟಿನಲ್ಲಿತ್ತು. ನೋಡೋಕೆ ಚೆನ್ನಾಗಿದೆ. ಕೊಡಲೋ ಬೇಡವೋ ಗೊತ್ತಾಗ್ಲಿಲ್ಲ." ಬೆಲ್ಟಿನ ಕಡೆ ನೋಡಿಕೊಂಡೇ ಹೇಳಿದಳು.

ಮೇಷ್ಟ್ರು ಕನ್ನಡಕ ಏರಿಸಿದರು. ಕೈ ಮುಂದೆ ಹೋಗಿ ಅರ್ಧಕ್ಕೇ ನಿಂತಿತು. "ನೀನೇ ನೋಡು" ಎಂದರು. "ಬಿಲ್ಲೆ ಸರಿಸು. ಪಟ್ಟಿ ಮೇಲ್ಮುಖವಾಗಿ ಬಗ್ಗಿಸು. ಈಗ ಕಣ್ಣು ಬೇಡ. ಬೆರಳಲ್ಲಿ ನೋಡು."

ಅವಳು ಅಂಗುಲ ಅಂಗುಲವಾಗಿ ಬೆರಳಾಡಿಸಿದಳು. ಅಡುಗೆಮನೆಯ ಬಾಗಿಲಲ್ಲಿ ತಾಯಿ ಸೆರಗು ಹಿಡಿದು ನಿಂತಿದ್ದಳು. ತೊಡೆಯ ಪಟ್ಟಿಯ ಹತ್ತಿರ ಬೆರಳು ನಿಂತಿತು.

"ಇಲ್ಲಿ ಒಂಥರಾ ಗಟ್ಟಿ."

ಮೇಷ್ಟ್ರು ಮುಟ್ಟಿ ನೋಡಿದರು. "ಹೂಂ. ಸಿಕ್ತು."

"ಈಗೇನು ಮಾಡೋದು?"

"ಕತ್ತರಿಸಬೇಕು. ಯಾರೂ ಮತ್ತೆ ಹೊಲಿಯದ ಹಾಗೆ."

ಅವಳು ಒಳಗಿಂದ ದೊಡ್ಡ ಕತ್ತರಿ ತಂದಳು. ಪಟ್ಟಿ ಗಟ್ಟಿಯಿತ್ತು, ಎರಡು ಕೈ ಹಾಕಿ ಒತ್ತಬೇಕಾಯಿತು. ಒಂದು ಹೆಗಲು, ಇನ್ನೊಂದು ಹೆಗಲು, ಬೆನ್ನು, ತೊಡೆಗಳು. ತುಂಡುಗಳನ್ನು ಚೀಲಕ್ಕೆ ತುಂಬುತ್ತ, ಮೊದಲ ಸಲ ತಲೆಯೆತ್ತಿ ಅವರನ್ನು ನೋಡಿದಳು.

"ಬಣ್ಣ ಬಳಿದಿದ್ರೆ ಸಾಕಿತ್ತು."

"ಸಾಕಿತ್ತು" ಎಂದರು ಮೇಷ್ಟ್ರು.

"ಕಾಫಿ ಇಡ್ತೀನಿ, ಕುಡ್ಕೊಂಡು ಹೋಗೇ" ಎಂದಳು ತಾಯಿ. ಮಗಳು ಚಪ್ಪಲಿ ಮೆಟ್ಟುವ ಮೊದಲು ಒಂದೊಂದನ್ನೇ ಎತ್ತಿ ಕೊಡವಿ ನೋಡಿದಳು. "ಇನ್ನೊಂದು ದಿನ ಬರ್ತೀನಮ್ಮ. ಕಪಾಟಿನಲ್ಲಿ ಇನ್ನೂ ಇವೆ" ಎಂದು ಮೆಟ್ಟಿಲಿಳಿದಳು.