ಇನ್ನೂ ಯಾತಕ್ಕ ಇಟ್ಟಾನ

ಮನುಷ್ಯನನ್ನು ಅಲ್ಲಾಹ್ ಯಾತಕ್ಕಾಗಿ ಹುಟ್ಟಿಸಿದ ಎಂದು ಆಪಾ ಹೇಳುತ್ತಿದ್ದಾಗಲೇ ಆ ವಾಸನೆ ಬಂತು. ನಾವು ಕೂತಿದ್ದದ್ದು ಉಮದಿಯ ಬಜಾರಿನ ಹಿಂದಿರುವ ಒಬ್ಬ ಸಿಮೆಂಟು ವ್ಯಾಪಾರಿಯ ಹೊಸ ಮನೆಯಲ್ಲಿ. ಪ್ರತಿ ರವಿವಾರ ಮಧ್ಯಾಹ್ನ ನಮ್ಮ ಓಣಿಯ ಮುಸ್ಲಿಂ ಹೆಂಗಸರು ಆ ಮನೆಯ ಮಹಡಿಯ ಮೇಲೆ ಸೇರುತ್ತಿದ್ದೆವು. ಧರ್ಮದ ಮಾತು ಹೇಳಲು ಜತ್ತಿನಿಂದ ಒಬ್ಬ ಹೆಂಗಸು ಬರುತ್ತಿದ್ದರು. ಅವರನ್ನೇ ನಾವೆಲ್ಲ ಆಪಾ, ಅಕ್ಕ, ಎನ್ನುತ್ತಿದ್ದೆವು. ನಾನು ಕನ್ನಡ ಸಾಲಿಯ ಶಿಕ್ಷಕಿ, ಓಣಿಗೆಲ್ಲ ಬಾಯಾರು. ರಜೆಯ ದಿನ ಮನೆಗೆಲಸ ಮುಗಿಸಿ ಹೋಗಿ ಕೂತರೆ ಮನಸ್ಸಿಗೆ ಹಿತವೆನಿಸುತ್ತಿತ್ತು.

ಹುಟ್ಟಿಸಿದ್ದು ಇಬಾದತ್ತಿಗಾಗಿ, ತನ್ನ ಆರಾಧನೆಗಾಗಿ ಎಂದು ಆಪಾ ದಖನಿ ಉರ್ದುವಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಆರಾಧನೆಯೆಂದರೆ ಬರೀ ನಮಾಜು, ರೋಜಾದ ಉಪವಾಸ ಅಲ್ಲ, ಅವನ ಮರ್ಜಿಯಂತೆ ಬದುಕಿದರೆ ಒಲೆ ಹಚ್ಚುವುದೂ ಇಬಾದತ್ತೇ, ರೋಗಿಯ ಬಳಿ ಹೋಗಿ ಕೂರುವುದೂ ಇಬಾದತ್ತೇ ಎಂದರು. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಸಿಹಿ ಬೆರೆತ ಕೊಳಕು ವಾಸನೆ, ತಿಪ್ಪೆಯಲ್ಲಿ ಸತ್ತುಬಿದ್ದ ಕೋಳಿಯ ವಾಸನೆಯಂತೆ.

ವಾಸನೆ ಬರುತ್ತಿದ್ದದ್ದು ಬಾಗಿಲ ಬಳಿ ಕೂತಿದ್ದ, ಓಣಿಯವರೆಲ್ಲ ಖಾಲಾ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ನಮ್ಮ ಎದುರುಮನೆಯ ಮುದುಕಿಯಿಂದ. ಗಂಡ ಬದುಕಿದ್ದಾಗ ಇಬ್ಬರೂ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಮಕ್ಕಳಿರಲಿಲ್ಲ. ಮನೆಮಾತು ಕನ್ನಡವಾದ್ದರಿಂದ ದಖನಿ ಅರ್ಧಂಬರ್ಧ ತಿಳಿಯುತ್ತಿತ್ತು. ಬಾಯಿ ಭಾರೀ ಕೆಟ್ಟದ್ದು. ಓಣಿಯಲ್ಲಿ ಆಕೆಯಿಂದ ಬೈಸಿಕೊಳ್ಳದವರಿರಲಿಲ್ಲ.

ಆಪಾ ಮಾತು ನಿಲ್ಲಿಸಲಿಲ್ಲ. ಯಾರೋ ಅತ್ತರಿನ ಸೀಸೆ ತೆಗೆದು ಕೈಯಿಂದ ಕೈಗೆ ದಾಟಿಸಿದರು. ಖಾಲಾಳ ಕೈಗೆ ಮಾತ್ರ ಅದು ಬರಲಿಲ್ಲ. ಕೊನೆಗೆ ಮನೆಯ ಯಜಮಾನತಿ, ಆ ವ್ಯಾಪಾರಿಯ ಹೆಂಡತಿ, ಎದ್ದು ಹೋಗಿ, ಆಕೆಯಿಂದ ಮಾರು ದೂರದಲ್ಲೇ ನಿಂತು ಹೇಳಿದಳು: "ಖಾಲಾ, ನಿಮ್ಮ ಕುಪ್ಪಸಕ್ಕ ರಕ್ತ ಹತ್ತೈತ್ರಿ. ಪಾಕ್ ಇಲ್ದ, ಶುದ್ಧ ಇಲ್ದ ಮೈಲೆ ಇಲ್ಲಿ ಕುಂದ್ರಬಾರದ್ರಿ. ಆರಾಮಾದ ಮ್ಯಾಲೆ ಬರ್ರಿ."

ಖಾಲಾ ಗೋಡೆ ಹಿಡಿದು ಎದ್ದಳು. "ನನ್ನ ಮೈಗೆ ಹುಳಾ ಈಗs ಹತ್ಯಾವು. ನಿಮಗ ಗೋರ್‍ಯಾಗ ಹತ್ತತಾವು. ಅಷ್ಟs ಫರಕು," ಎಂದು ಮೆಟ್ಟಿಲಿಳಿದಳು.

ಯಜಮಾನತಿ ಆಕೆ ಕೂತಿದ್ದ ಜಾಗಕ್ಕೆ ಫಿನೈಲು ಹಾಕಿ ಒರೆಸಿದಳು. ಆಪಾ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಮುಂದುವರಿಸಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಅತ್ತರು ಮತ್ತು ಫಿನೈಲು ಕೂಡಿ ಹುಟ್ಟಿದ ವಾಸನೆ ಮೊದಲಿನದಕ್ಕಿಂತ ಅಸಹ್ಯವಾಗಿತ್ತು. ಎದ್ದು ಖಾಲಾಳ ಹಿಂದೆಯೇ ಹೋದೆ.

ತನ್ನ ಮನೆಯೊಳಗೆ ಆಕೆ ಕುಪ್ಪಸ ಬಿಚ್ಚಿ ತೋರಿಸಿದಳು. ಎಡ ಮೊಲೆ ಇದ್ದ ಜಾಗದಲ್ಲಿ ಬಾಯ್ದೆರೆದ ಹುಣ್ಣು, ಅಂಚಿಗೆ ಹಳದಿ ಕೀವು. ಒಳಗೆ ಬಿಳಿಯದೇನೋ ಅಲುಗಾಡಿತು. ಹಿತ್ತಲಿಗೆ ಓಡಿ ಮಧ್ಯಾಹ್ನ ಉಂಡದ್ದನ್ನೆಲ್ಲ ಕಾರಿದೆ. ಒಳಗಿನಿಂದ ಆಕೆಯ ದನಿ ಬಂತು: "ಕಾರ್‍ಕೊಂಡಿಯೇನು? ಈಗ ಬಾ, ನೀರು ಕುಡಿ."

"ಎಷ್ಟು ದಿನಾ ಆತು ಖಾಲಾ? ಯಾರಿಗೂ ಯಾಕ ಹೇಳ್ಲಿಲ್ಲ?"

"ಮೊದಲ ಹುಣಚಿಬೀಜದಷ್ಟು ಗಂಟಿತ್ತು. ಎದಿ ಬಿಚ್ಚಿ ಯಾರಿಗೆ ತೋರಸ್ಲಿ?"

ಮರುದಿನವೇ ವಿಜಯಪುರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನವರು ಎದ್ದು ಹೋಗಿ ನಿಂತರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಕ್ಯಾನ್ಸರು ಕೈಮೀರಿದೆ, ಇನ್ನು ನೋವು ಕಡಿಮೆ ಮಾಡಬಹುದು ಅಷ್ಟೆ, ಹುಣ್ಣು ಮಾತ್ರ ದಿನಾ ತೊಳೆಯಬೇಕು ಎಂದರು. ನರ್ಸ್ ಬಾಯಿ ಹುಳುಗಳನ್ನು ತೆಗೆದು, ಕಾಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು ಪಟ್ಟಿ ಕಟ್ಟುವುದನ್ನು ತೋರಿಸಿಕೊಟ್ಟರು.

ಅಂದಿನಿಂದ ದಿನಾ ಸಾಲಿಗೆ ಹೋಗುವ ಮುಂಚೆ ಹುಣ್ಣು ತೊಳೆದೆ. ಬರಬರುತ್ತ ರೂಢಿಯಾಗುತ್ತದೆ ಎಂದು ನರ್ಸ್ ಬಾಯಿ ಹೇಳಿದ್ದರು. ಆಗಲಿಲ್ಲ. ಕೈಗೆ ಎಷ್ಟು ಸೋಪು ಹಚ್ಚಿದರೂ ರೊಟ್ಟಿ ಮುರಿಯುವಾಗ ಅದೇ ವಾಸನೆ ಏಳುತ್ತಿತ್ತು. ಚಮಚೆಯಲ್ಲಿ ಉಣ್ಣತೊಡಗಿದೆ. ಸೇವೆ ಮಾಡುತ್ತ ಮಾಡುತ್ತ ಹೇಸಿಗೆ ಪ್ರೀತಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ನಾನು ಉಸಿರು ಬಿಗಿಹಿಡಿದೇ ಮಾಡಿದೆ. ಅದು ಖಾಲಾಳಿಗೂ ಗೊತ್ತಿತ್ತು.

ಒಂದು ಮುಂಜಾನೆ ಆಕೆ ಕೇಳಿದಳು: "ಅವತ್ತ ಆಪಾ ಹೇಳಾಕತ್ತಿದ್ಳಲ್ಲ, ಅಲ್ಲಾ ನಮ್ಮನ್ನ ಯಾತಕ್ಕ ಹುಟ್ಟಿಸ್ಯಾನಂತ? ನಾ ಪೂರಾ ಕೇಳ್ಲಿಲ್ಲ ನೋಡು."

"ಇಬಾದತ್ತಿಗಂತ, ಖಾಲಾ."

"ನನಗೆಲ್ಲಿ ಇಬಾದತ್ತು? ವಜೂ ಮಾಡಿದ್ರ ಮುಗಿಯೂದರಾಗ ರಕ್ತ ಸೋರ್ತೈತಿ. ಬಗ್ಗಿದ್ರ ಜೀವಾ ಹೋದಂಗ ಆಗ್ತೈತಿ. ನಮಾಜ್ ಬಿಟ್ಟು ಭಾಳ ದಿನಾ ಆತು. ಮತ್ತ ನನ್ನ ಇನ್ನೂ ಯಾತಕ್ಕ ಇಟ್ಟಾನ?"

ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಶುಚಿಯಾಗುವುದೇ ವಜೂ. ರಕ್ತ ಸೋರಿದರೆ ಅದು ಮುರಿಯುತ್ತದೆ. ವಜೂ ನಿಲ್ಲದ ಮೈಯಿಂದ ನಮಾಜು ಸಲ್ಲದು ಎಂದೇ ನಾನೂ ತಿಳಿದಿದ್ದೆ. ಪಟ್ಟಿಯ ಗಂಟು ಬಿಗಿದು ಎದ್ದೆ.

ಆ ರವಿವಾರ ಕೂಟ ಮುಗಿಯುವ ಹೊತ್ತಿಗೆ ಹೋಗಿ ಆಪಾಗೆ ಇದನ್ನೇ ಕೇಳಿದೆ. ಅವರ ಮುಂದೆ ತಾಟಿನಲ್ಲಿ ಗೋಡಂಬಿ, ಖಜೂರ ಇದ್ದವು. ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಸಲೀಸಾಗಿ ಹೇಳಿದರು: "ಅದಕ್ಕೇನ್ರಿ ಬಾಯಾರ? ನಿಲ್ಲದಂಗ ರಕ್ತ ಹೋಗೋರಿಗೆ ರಿಯಾಯತಿ ಐತಿ. ಹೊತ್ತಿಗೊಮ್ಮೆ ವಜೂ ಮಾಡಿದ್ರ ಸಾಕು, ನಡುವ ಸೋರಿದ್ರೂ ನಮಾಜ್ ಆಗ್ತೈತಿ. ಕುಂದ್ರಾಕ ಆಗ್ಲಿಲ್ಲಂದ್ರ ಮಲಕೊಂಡು ತಲಿ ಸನ್ನಿಲೆ ಮಾಡ್ಬಹುದು."

"ಹಂಗಿದ್ರ ಅವತ್ತ ಆಕಿನ್ನ ಪಾಕ್ ಇಲ್ಲಂತ ಎಬ್ಬಿಸಿ ಕಳಿಸಿದಾಗ ನೀವು ಯಾಕ ಸುಮ್ಮನಿದ್ರಿ?"

ಆಪಾ ಖಜೂರದ ಬೀಜವನ್ನು ಅಂಗೈಗೆ ಉಗುಳಿಕೊಂಡರು. "ಇದು ಅವರ ಮನಿ ಅಲ್ಲೇನ್ರಿ? ನಾ ಹೊರಗಿಂದ ಬಂದಾಕಿ, ನಾ ಏನ ಹೇಳ್ಲಿ?"

ಹುಣ್ಣು ನೋಡಿ ನನಗೆ ವಾಂತಿಯಾಗಿತ್ತು. ಎಂಜಲು ಹತ್ತಿ ಮಿನುಗುತ್ತಿದ್ದ ಆ ಬೀಜ ನೋಡಿ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಗೊತ್ತಿದ್ದ ಮಾತು. ಎಲ್ಲರೆದುರು ಆಡಿದ್ದರೆ ಒಬ್ಬ ಮುದುಕಿ ಇಷ್ಟು ದಿನ ತನ್ನನ್ನು ದೇವರೂ ಬೇಡವೆಂದ ಎಂದುಕೊಂಡು ಬಿದ್ದಿರಬೇಕಾಗಿರಲಿಲ್ಲ. ಚಹಾ ತಂದವರಿಗೆ ಬೇಡವೆಂದು ಹೇಳಿ ಹೊರಬಿದ್ದೆ.

ಖಾಲಾಳಿಗೆ ಹೇಳಿದಾಗ ಸಂತೋಷಪಡುವಳು ಎಂದುಕೊಂಡಿದ್ದೆ. ಮೊದಲು ಆಪಾಳನ್ನು ಹೊಲಸು ಹೊಲಸಾಗಿ ಬೈದಳು. ಆಮೇಲೆ ಹೊರಸನ್ನು ನಮಾಜಿನ ದಿಕ್ಕಾದ ಪಶ್ಚಿಮಕ್ಕೆ ತಿರುಗಿಸಲು ಹೇಳಿ, ಹೊಸ ಪಟ್ಟಿ ಕಟ್ಟಿಸಿಕೊಂಡು, ನನ್ನಿಂದ ವಜೂಗೆ ನೀರು ಹಾಕಿಸಿಕೊಂಡಳು. ಮಲಗಿದಲ್ಲೇ ಗದ್ದ ಎದೆಗೆ ತಾಗಿಸಿ, ಎತ್ತಿ, ಮತ್ತೆ ತಾಗಿಸಿದಳು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಅಲ್ಲಿಂದ ಮುಂದೆ ನಾನು ಹೋಗುವುದು ತಡವಾದರೆ "ಲಗೂನ ಬಾ, ಹೊತ್ತು ಮೀರ್ತೈತಿ" ಎಂದು ಮನೆಯೊಳಗಿನಿಂದಲೇ ಕೂಗುತ್ತಿದ್ದಳು. ಯಾತಕ್ಕ ಇಟ್ಟಾನ ಎಂದು ಮತ್ತೆ ಕೇಳಲಿಲ್ಲ.

ರಂಜಾನಿಗೆ ಸ್ವಲ್ಪ ಮೊದಲು ತೀರಿಕೊಂಡಳು. ಮೈ ತೊಳೆಯಲು ತಿಕೋಂಡಿಯಿಂದ ಬಂದಿದ್ದ ಹೆಂಗಸೊಬ್ಬಳು ಮತ್ತು ನಾನು ಇಬ್ಬರೇ ಪರದೆಯೊಳಗೆ ಇದ್ದೆವು. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರನ್ನು ಬಲಗಡೆಯಿಂದ ಸುರಿದೆವು. ಹೊರಗೆ ಓಣಿಯ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡು ಅಳುತ್ತಿದ್ದರು. ಸಿಮೆಂಟು ವ್ಯಾಪಾರಿಯ ಹೆಂಡತಿ ಸವಾಬಿಗೆಂದು, ಪುಣ್ಯಕ್ಕೆಂದು, ಒಂದು ತಂಬಿಗೆ ನೀರು ಹಾಕುತ್ತೇನೆಂದು ಪರದೆ ಸರಿಸಿದಳು. ನೋಡಿದವಳೇ ಹಿಂದಕ್ಕೆ ಸರಿದಳು. ತಂದಿದ್ದ ಗುಲಾಬಿನೀರಿನ ಸೀಸೆ ನೆಲಕ್ಕೆ ಬಿದ್ದು ಒಡೆಯಿತು. ಗಾಜಿನ ಚೂರುಗಳನ್ನೂ ನಾವೇ ಆರಿಸಿದೆವು.

ಈ ಮಳೆಗಾಲದಲ್ಲಿ ಆ ವ್ಯಾಪಾರಿಯ ಹೆಂಡತಿಯೇ ನನ್ನ ಮನೆಗೆ ಬಂದಳು. ಆಕೆಯ ಅತ್ತೆ ಬಿದ್ದು ಟೊಂಕ ಮುರಿದುಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆಂದು ಆಗಲೇ ನನಗೆ ಗೊತ್ತಾದದ್ದು. "ಬೆನ್ನಿಗೆ ಹುಣ್ಣಾಗ್ಯಾವ್ರಿ ಬಾಯಾರ. ನಿಮಗ ರೂಢಿ ಐತಲ್ಲ, ದಿನಾ ಬಂದು ಒಂದೀಟು ತೊಳದು ಹೋಗ್ರಿ. ನಿಮಗೂ ಸವಾಬ್ ಬರ್ತೈತಿ."

ಮುಖದ ಮೇಲೆ ಬಾಗಿಲು ಹಾಕಬೇಕೆನಿಸಿತು. ಹಿಂದಿನ ಕೋಣೆಯಲ್ಲಿ ಬಿದ್ದಿದ್ದ ಮುದುಕಿಯ ನೆನಪಾಗಿ ಹೋದೆ. ಕೋಣೆಯ ತುಂಬ ಊದಿನಕಡ್ಡಿಯ ಹೊಗೆ. ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ, "ಕೈ ತೊಳಕೊಂಡು ಬರ್ರಿ," ಎಂದೆ.

"ನಾನs?"

"ನೀವs. ನಾ ಹೇಳಿದಂಗ ಮಾಡ್ರಿ."

ಹತ್ತಿ ಎತ್ತಿದವಳು ಬಚ್ಚಲಿಗೆ ಓಡಿದಳು. ಓಕರಿಸುವ ಸದ್ದು ಕೇಳಿಸಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ್ದ ಮುದುಕಿ, "ಲಗೂನ ಮಾಡ ಬೇ, ಥಂಡಿ ಹತ್ತಾಕತ್ತೈತಿ," ಎಂದಳು. ಸೊಸೆ ಮರಳಿ ಬಂದು ತೊಳೆದಳು. ಕಣ್ಣಲ್ಲಿ ನೀರಿತ್ತು.

"ನಾಳೆ ನೀವು ಬರ್ತೀರಲ್ಲ?" ಎಂದು ಕೇಳಿದಳು.

"ಬರ್ತೀನಿ. ತೊಳಿಯಾವ್ರು ನೀವs," ಎಂದೆ.

ಈಗಲೂ ಅವಳೇ ತೊಳೆಯುತ್ತಾಳೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಹುಣ್ಣುಗಳು ಸ್ವಲ್ಪ ಮಾಯುತ್ತಿವೆ. ಅವಳ ಹೇಸಿಗೆ ಹೋಗಿಲ್ಲ. ನನ್ನದೂ ಹೋಗಿಲ್ಲ, ಆದರೆ ನನ್ನದು ಹುಣ್ಣಿನ ಮೇಲಿನದಲ್ಲ. ಕೆಲಸ ಮುಗಿಸಿ ಅವಳು ಚಹಾ ತಂದಿಟ್ಟರೆ, ಇವತ್ತಿಗೂ ನಾನು ಕುಡಿಯದೆ ಎದ್ದು ಬರುತ್ತೇನೆ.